ಒಂದು ಬಾಣಲೆ, ಇಬ್ಬರು ಅಕ್ಕತಂಗಿಯರು

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡಗಳ ಬಗ್ಗೆ ಬರೆಯುತ್ತಾರೆ, ನುಣುಪಾದ ರಸ್ತೆಗಳ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿದ್ದ ಐದು ತಿಂಗಳಲ್ಲಿ ಹೆಚ್ಚು ಹೊತ್ತು ನಿಂತದ್ದು ಒಲೆಯ ಮುಂದೆ. ಬಾಣಂತನಕ್ಕೆಂದು ಹೋದ ಹೆಂಗಸು ಇನ್ನೇನು ನೋಡಿಯಾಳು ಹೇಳಿ! ಆದ್ದರಿಂದ ಸೋದರಿಯರೇ, ನಾನು ಬರೆಯುವುದೂ ಒಲೆಯ ವಿಷಯವೇ. ಪೀಚ್ ಹಣ್ಣಿನಿಂದ ಮಾಡುವ ಕಾಬ್ಲರ್ ಎಂಬ ಸಿಹಿಯ ವಿಷಯ, ಮತ್ತು ಅದನ್ನು ಬೇಯಿಸುವ ಭಾರದ ಬಾಣಲೆಯ ವಿಷಯ.

ನನ್ನ ತಂಗಿ ಇರುವುದು ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನಲ್ಲಿ. ಮದುವೆಯಾಗಿ ಎಂಟು ವರ್ಷಕ್ಕೆ ಗರ್ಭ ನಿಂತಿತ್ತು. ಅಮ್ಮ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಪಾಸ್‌ಪೋರ್ಟನ್ನೂ ಮಾಡಿಸಿಕೊಂಡಿದ್ದಳು. ಆದರೆ 2023ರ ಡಿಸೆಂಬರಿನಲ್ಲಿ ಅಮ್ಮ ತೀರಿಕೊಂಡಳು. ಹಾಗಾಗಿ 2024ರ ಮೇ ತಿಂಗಳಲ್ಲಿ ಅರಸೀಕೆರೆಯಿಂದ ಅಮ್ಮನ ಬದಲಿಗೆ ನಾನು ಹೊರಟೆ. ಅಂಟು, ಓಮ, ಮೆಂತ್ಯ, ಒಣಶುಂಠಿ, ಕೊಬ್ಬರಿ ಎಲ್ಲ ಕಟ್ಟಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿ ಒಂದು ಹಳೇ ಸೀರೆಯೊಳಗೆ ಸುತ್ತಿ ಇಟ್ಟದ್ದು ಅಮ್ಮನ ಬೀಡಿನ ಕಾವಲಿ. "ಇಷ್ಟು ಭಾರದ್ದು ಯಾಕೆ? ಅಲ್ಲಿ ಕಾವಲಿ ಸಿಗೋಲ್ವಾ?" ಅಂತ ನಮ್ಮವರು ಕೇಳಿದರು. ಸಿಗುತ್ತದೆ. ಆದರೆ ಅಮ್ಮನದು ಸಿಗಬೇಕಲ್ಲ!

ಅಮ್ಮನ ತಿಥಿ ಕರ್ಮಗಳು ಮುಗಿದ ಮೇಲೆ ಮನೆಯ ಪಾತ್ರೆ ಪಡಗ ಹಂಚಿದ್ದರು. ಬೆಳ್ಳಿ ಲೋಟ ಎಣಿಸಿದರು, ಕಂಚಿನ ತಟ್ಟೆ ಎಣಿಸಿದರು, ಹಿತ್ತಾಳೆ ಹಂಡೆಯನ್ನೂ ತೂಗಿದರು. ಕಾವಲಿ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ನಾನು ಕೈಗೆತ್ತಿಕೊಂಡೆ. ತಂಗಿ ಹದಿಮೂರನೆಯ ದಿನ ಮುಗಿಸಿ ವಾಪಸು ಹೋದವಳು ಫೋನಿನಲ್ಲಿ ಬೇರೆ ಏನನ್ನೂ ಕೇಳಲಿಲ್ಲ. "ಅಕ್ಕಾ, ಅಮ್ಮನ ಕಾವಲಿ ಯಾರ ಹತ್ತಿರ ಇದೆ?" ಅಂತ ಅದೊಂದನ್ನೇ ಕೇಳಿದಳು. ನನ್ನ ಹತ್ತಿರ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಬರುವಾಗ ತಗೊಂಡು ಬಾ, ದೋಸೆ ಹುಯ್ಯೋಣ" ಅಂದಳು. ಬಾಣಂತನದ ಐದು ತಿಂಗಳು ಅಲ್ಲಿರಲಿ, ಆಮೇಲೆ ನನ್ನ ಜೊತೆ ವಾಪಸು ಬರಲಿ ಅಂತಲೇ ನಾನು ಅದನ್ನು ಪೆಟ್ಟಿಗೆಗೆ ಇಟ್ಟದ್ದು. ಅವಳೂ ಬಾಯಿಬಿಟ್ಟು ಕೇಳಲಿಲ್ಲ, ನಾನೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕತಂಗಿಯರ ನಡುವೆ ಹೀಗೆ ಹೇಳದೇ ಉಳಿಯುವ ಮಾತುಗಳು ಎಷ್ಟಿರುತ್ತವೆ ಅನ್ನುವುದು ನಿಮಗೂ ಗೊತ್ತು.

ಮೇಕನ್ ಊರು ಪೀಚ್ ಹಣ್ಣಿನ ಸೀಮೆಯ ಬಾಗಿಲಿನಲ್ಲೇ ಇದೆ. ಪಕ್ಕದಲ್ಲಿ ಪೀಚ್ ಕೌಂಟಿ ಅಂತಲೇ ಒಂದು ಜಿಲ್ಲೆ ಉಂಟು. 1924ರಲ್ಲಿ ಅದಕ್ಕೆ ಹಣ್ಣಿನ ಹೆಸರನ್ನೇ ಇಟ್ಟರಂತೆ. ನಮ್ಮ ಕಡೆ ತಿಪಟೂರಿಗೆ ಕೊಬ್ಬರಿ ಹೇಗೋ ಅಲ್ಲಿಯವರಿಗೆ ಪೀಚು ಹಾಗೆ. ಈ ಹಣ್ಣಿನ ಹುಟ್ಟೂರು ಚೀನಾ. ಅಮೆರಿಕಕ್ಕೆ ತಂದವರು ಸ್ಪೇನಿನ ಜನ. ಜಾರ್ಜಿಯಾದ ಪೀಚಿಗೆ ಹೆಸರು ಬಂದದ್ದು 1870ರ ದಶಕದಿಂದೀಚೆಗೆ. ಮಾರ್ಷಲ್‌ವಿಲ್ ಎಂಬ ಊರಿನ ಸ್ಯಾಮ್ಯುಯೆಲ್ ರಂಫ್ ಎಂಬ ರೈತ ಹಳದಿ ತಿರುಳಿನ, ಬೀಜ ಸುಲಭವಾಗಿ ಬಿಡುವ ಒಂದು ಹೊಸ ತಳಿ ಬೆಳೆಸಿ, ಅದಕ್ಕೆ ತನ್ನ ಹೆಂಡತಿಯ ಹೆಸರಿನಿಂದ 'ಎಲ್ಬರ್ಟಾ' ಎಂದು ಕರೆದ. ಆ ಹಣ್ಣು ರೈಲು ಹತ್ತಿ ದೂರದ ನ್ಯೂಯಾರ್ಕಿಗೆ ಹೋಗಿ ದೇಶಕ್ಕೆಲ್ಲ ಪ್ರಸಿದ್ಧವಾಯಿತು. ಗಂಡಂದಿರು ಮನೆಗೆ, ಲಾರಿಗೆ ಹೆಂಡತಿಯ ಹೆಸರಿಡುವುದನ್ನು ಕಂಡಿದ್ದೇನೆ. ಹಣ್ಣಿಗೆ ಇಟ್ಟವನ ಕಥೆ ಕೇಳಿದ್ದು ಅದೇ ಮೊದಲು!

ಪೀಚ್ ಮರಕ್ಕೆ ಒಂದು ಹಟ ಉಂಟು. ಚಳಿಗಾಲದಲ್ಲಿ ನೂರಾರು ಗಂಟೆಗಳ ಕಾಲ ಒಳ್ಳೆಯ ಚಳಿ ತಿನ್ನದಿದ್ದರೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಹೂ ಬಿಟ್ಟ ಮೇಲೆ ಹಿಮ ಬಿದ್ದರೆ ಹೂವೆಲ್ಲ ಕರಟಿಹೋಗುತ್ತದೆ. 2023ರಲ್ಲಿ ಎರಡೂ ಆಯಿತು. ಚಳಿಗಾಲ ಬೆಚ್ಚಗಾಯಿತು, ಮಾರ್ಚಿನಲ್ಲಿ ಹಿಮ ಬಿತ್ತು. ಜಾರ್ಜಿಯಾದ ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹಾಳಾಯಿತು. ಹಾಗಾಗಿ 2024ರಲ್ಲಿ ನಾನು ಹೋದಾಗ ಬೆಳೆ ಚೆನ್ನಾಗಿ ಬಂದಿತ್ತಾಗಿ, ಅಲ್ಲಿಯ ಜನ ಪೀಚನ್ನು ಬುಟ್ಟಿ ಬುಟ್ಟಿ ಕೊಳ್ಳುತ್ತಿದ್ದರು. ಒಂದು ವರ್ಷ ಮಾವು ಇಲ್ಲದೆ ಕಳೆದ ಮೇಲೆ ನಾವು ಹೇಗೋ, ಹಾಗೆ.

ಜೂನಿನಲ್ಲಿ ತಂಗಿಗೆ ಹೆಣ್ಣು ಮಗು ಆಯಿತು. ಮಗು ಚೆನ್ನಾಗಿತ್ತು. ತಾಯಿ ಮಾತ್ರ ಮಂಕಾಗಿದ್ದಳು. ಮೆಣಸಿನ ಸಾರು ಕಲೆಸಿ ಇಟ್ಟರೆ ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ರಾತ್ರಿ ಮಗುವಿಗೆ ಹಾಲು ಕೊಡುತ್ತಾ ಸುಮ್ಮನೆ ಕಣ್ಣೀರು ಹಾಕುವಳು. ಡಾಕ್ಟರರ ಬಳಿ ಹೇಳಿದೆವು. ಹೆರಿಗೆಯಾದ ಮೇಲೆ ಇಂಥ ಮಂಕು ಬರುವುದುಂಟು, ಜೊತೆಯಲ್ಲಿರಿ, ನಿದ್ದೆ ಮಾಡಲು ಬಿಡಿ, ಹೆಚ್ಚಾದರೆ ತಪ್ಪದೆ ಮತ್ತೆ ಬನ್ನಿ ಅಂದರು. ನನಗೆ ಒಳಗೊಳಗೇ ಅನ್ನಿಸುತ್ತಿತ್ತು, ಇವಳಿಗೆ ಬೇಕಾದದ್ದು ನಾನಲ್ಲ, ಅಮ್ಮ.

ಮಗುವಿಗೆ ಹನ್ನೆರಡು ದಿನ ಆಗಿದ್ದಾಗ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಪ್ಪತ್ತೆಂಟು ವರ್ಷ, ಒಂಟಿ ಜೀವ, ಆಫ್ರಿಕನ್ ಮೂಲದ ಹಳೆಯ ಮನೆತನದವರು. ದಪ್ಪ ಟವೆಲ್ಲಿನಲ್ಲಿ ಸುತ್ತಿದ ಕಪ್ಪು ಬಾಣಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಳಗೆ ಹೊನ್ನಿನ ಬಣ್ಣದ ಒಂದು ಪದಾರ್ಥ ಇನ್ನೂ ಗುಳುಗುಳು ಅನ್ನುತ್ತಿತ್ತು. ಬಾಣಂತಿಗೆ ಅಂದರು. ನನಗೆ ಧರ್ಮಸಂಕಟ! ಹಣ್ಣು ಶೀತ ಅಲ್ಲವೇ, ಹನ್ನೆರಡು ದಿನದ ಬಾಣಂತಿಗೆ ಹೇಗೆ ಕೊಡುವುದು? ತಂಗಿ ನನ್ನ ಮುಖ ನೋಡಿ, "ಅಕ್ಕಾ, ಹೊಗೆ ಆಡ್ತಾ ಇದೆ, ಇದರಲ್ಲಿ ಶೀತ ಎಲ್ಲಿಂದ ಬಂತು?" ಅಂತ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಒಂದು ಬಟ್ಟಲು ಪೂರ್ತಿ ತಿಂದಳು. ಶೀತ ಉಷ್ಣದ ಶಾಸ್ತ್ರವನ್ನು ನಾನು ಆ ದಿನದ ಮಟ್ಟಿಗೆ ಮೂಟೆ ಕಟ್ಟಿಟ್ಟೆ.

ಕಾಬ್ಲರ್ ಎಂದರೆ ಇಂಗ್ಲಿಷಿನಲ್ಲಿ ಪಾದರಕ್ಷೆ ಹೊಲಿಯುವವರಿಗೂ ಹೇಳುವ ಮಾತು. ಈ ತಿಂಡಿಗೆ ಆ ಹೆಸರು ಯಾಕೆ ಬಂತು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಅಂತೂ 1859ರಷ್ಟು ಹಿಂದೆಯೇ ಅಮೆರಿಕದ ಒಂದು ನಿಘಂಟಿನಲ್ಲಿ ಪೀಚ್ ಕಾಬ್ಲರಿನ ಹೆಸರು ಇದೆ. ಹೊಸ ದೇಶಕ್ಕೆ ಬಂದು ಗುಡಿಸಲು ಹಾಕಿಕೊಂಡ ಹೆಂಗಸರಿಗೆ ಓವನ್ ಎಲ್ಲಿತ್ತು? ಕಬ್ಬಿಣದ ಪಾತ್ರೆಗೆ ಹಣ್ಣು, ಹಿಟ್ಟು ಹಾಕಿ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಮೇಲೆ ಕೆಂಡ, ಕೆಳಗೆ ಕೆಂಡ ಇಟ್ಟು ಬೇಯಿಸುವ ಕ್ರಮ ನಮ್ಮ ಕರಾವಳಿಯ ಮನೆಗಳಲ್ಲೂ ಇತ್ತಲ್ಲ, ಅದೇ!

ದಕ್ಷಿಣದ ಆ ರಾಜ್ಯಗಳಲ್ಲಿ ದೊಡ್ಡ ಮನೆಗಳ ಒಲೆಯ ಮುಂದೆ ಬೆವರು ಸುರಿಸಿದವರು ಹೆಚ್ಚಾಗಿ ಗುಲಾಮರಾಗಿದ್ದ ಹೆಂಗಸರು. ಅವರಿಗೆ ಅಕ್ಷರ ಕಲಿಸುವುದನ್ನೇ ಅಲ್ಲಿಯ ಹಲವು ರಾಜ್ಯಗಳು ಕಾನೂನು ಮಾಡಿ ತಡೆದಿದ್ದವು. ಅಡಿಗೆಯ ವಿದ್ಯೆಯೆಲ್ಲ ಕೈಯಿಂದ ಕೈಗೆ, ಬಾಯಿಂದ ಕಿವಿಗೆ ಬಂದದ್ದು. ಗುಲಾಮಗಿರಿಯಲ್ಲೇ ಹುಟ್ಟಿ ಬೆಳೆದ ಆಬಿ ಫಿಶರ್ ಎಂಬಾಕೆ ಬಿಡುಗಡೆಯಾದ ಮೇಲೆ ಸ್ಯಾನ್‌ಫ್ರಾನ್ಸಿಸ್ಕೋ ಸೇರಿ, ತನಗೆ ಓದು ಬರಹ ಬಾರದಿದ್ದರೂ ಬಾಯಲ್ಲಿ ಹೇಳಿ ಬರೆಸಿ, 1881ರಲ್ಲಿ ಒಂದು ಅಡಿಗೆ ಪುಸ್ತಕವನ್ನೇ ಅಚ್ಚು ಹಾಕಿಸಿದಳು. ಅದನ್ನು ಕೇಳಿದಾಗ ನನಗೆ ಅಮ್ಮನ ನೆನಪಾಯಿತು. ಅಮ್ಮ ಓದಿದ್ದು ಮೂರನೇ ಇಯತ್ತೆ. ಅವಳ ಸಾರಿನ ಪುಡಿಯ ಅಳತೆ ಅವಳ ಮುಷ್ಟಿಯಲ್ಲಿತ್ತು, ಮುಷ್ಟಿಯ ಜೊತೆಗೇ ಹೋಯಿತು.

ಮಾರನೆಯ ವಾರ ಬಾಣಲೆ ತೊಳೆದು ಹಿಂದಿರುಗಿಸಲು ಹೋದೆ. ನಮ್ಮಲ್ಲಿ ಬರಿ ಪಾತ್ರೆ ಕೊಡುವುದುಂಟೇ? ನಾಲ್ಕು ಅಂಟಿನುಂಡೆ ಹಾಕಿಕೊಂಡು ಹೋದೆ. ಅಜ್ಜಿಗೆ ಬಹಳ ಹಿಡಿಸಿತು. ನನ್ನ ಹೈಸ್ಕೂಲು ಇಂಗ್ಲಿಷಿಗೂ ಅವರ ಎಳೆದಾಡುವ ಜಾರ್ಜಿಯಾ ಇಂಗ್ಲಿಷಿಗೂ ಮೊದಮೊದಲು ಹೊಂದಲಿಲ್ಲ. ಆದರೆ ಅಡಿಗೆಮನೆಯಲ್ಲಿ ಇಬ್ಬರು ಹೆಂಗಸರು ನಿಂತ ಮೇಲೆ ಭಾಷೆಯ ತೊಂದರೆ ಎಷ್ಟು ಹೊತ್ತು ಇರುತ್ತದೆ! ಕೈಯೇ ಮಾತಾಡುತ್ತದೆ. ಅವರು ಮಾಡಿ ತೋರಿಸಿದರು, ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಅದನ್ನೇ ನಿಮಗೂ ಹೇಳುತ್ತೇನೆ. ಇದಕ್ಕೆ ಮೊಟ್ಟೆ ಬೇಡ, ಅದೇ ದೊಡ್ಡ ಅನುಕೂಲ.

ಆರೇಳು ಮಾಗಿದ ಪೀಚ್ ಹಣ್ಣು ಬೇಕು. ಹೆಚ್ಚಿದರೆ ನಾಲ್ಕು ಕಪ್ ಆಗಬೇಕು. ಹಣ್ಣಿನ ತಳಕ್ಕೆ ಚಾಕುವಿನಿಂದ ಅಡ್ಡ ಉದ್ದ ಗೀರಿ, ಕುದಿಯುವ ನೀರಿಗೆ ಅರ್ಧ ನಿಮಿಷ ಬಿಟ್ಟು, ಕೂಡಲೇ ತಣ್ಣೀರಿಗೆ ಹಾಕಿದರೆ ಟೊಮೆಟೊ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಹೋಳುಗಳಿಗೆ ಅರ್ಧ ಕಪ್ ಸಕ್ಕರೆ, ಒಂದು ಚಮಚ ನಿಂಬೆರಸ, ಚಿಟಿಕೆ ಚಕ್ಕೆಪುಡಿ ಬೆರೆಸಿ ರಸ ಬಿಡುವವರೆಗೆ ಪಕ್ಕಕ್ಕಿಡಿ. ಒಂದು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಕಲೆಸಿ, ಒಂದು ಕಪ್ ಹಾಲು ಹಾಕಿ ಗಂಟಿಲ್ಲದಂತೆ ಹಿಟ್ಟು ಮಾಡಿ. ನೀರುದೋಸೆಗಿಂತ ಗಟ್ಟಿ, ಉದ್ದಿನ ದೋಸೆಗಿಂತ ತುಸು ತೆಳ್ಳಗೆ ಇರಲಿ. ಕಪ್ ಎಂದರೆ ಅಲ್ಲಿ 240 ಮಿಲಿ ಲೀಟರ್.

ಈಗ ಬಾಣಲೆಯ ಕೆಲಸ. ಹತ್ತು ಅಂಗುಲ ಅಗಲ, ಎರಡು ಅಂಗುಲ ಎತ್ತರದ ಅಂಚು, ಒಂದು ಹಿಡಿ. ಅವರು ಅದಕ್ಕೆ ಸ್ಕಿಲೆಟ್ ಅನ್ನುತ್ತಾರೆ. ನಮ್ಮ ಕಾವಲಿಗೂ ಬಾಣಲೆಗೂ ನಡುವಿನ ಒಡಹುಟ್ಟು ಅನ್ನಿ. ಅರ್ಧ ಕಪ್ ಬೆಣ್ಣೆಯನ್ನು, ಅಂದರೆ ಸುಮಾರು 110 ಗ್ರಾಂ, ಬಾಣಲೆಗೆ ಹಾಕಿ 180 ಡಿಗ್ರಿ ಕಾದ ಓವನ್ನಿನೊಳಗೆ ಇಡಬೇಕು. ಬೆಣ್ಣೆ ಕರಗಿ ನೊರೆ ಬಂದಾಗ ಹೊರತೆಗೆದು ಹಿಟ್ಟನ್ನು ನಡುವೆ ಹುಯ್ಯಬೇಕು. ಚುಂಯ್ ಅನ್ನುತ್ತದೆ. ಮೇಲೆ ಹಣ್ಣನ್ನೂ ಅದರ ರಸವನ್ನೂ ಹರಡಬೇಕು. ಕಲಕಕೂಡದು! ನನ್ನ ಕೈ ಸೌಟಿನ ಕಡೆ ಹೋದಾಗ ಅಜ್ಜಿ ಮೆಲ್ಲಗೆ ಹಿಡಿದು ಪಕ್ಕಕ್ಕಿಟ್ಟರು. ಮತ್ತೆ ಓವನ್ನಿಗೆ ಇಟ್ಟರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹಣ್ಣು ಕೆಳಗಿಳಿಯುತ್ತದೆ, ಹಿಟ್ಟು ಉಬ್ಬಿ ಮೇಲೆ ಬಂದು ಹಣ್ಣನ್ನು ಹೊದ್ದುಕೊಳ್ಳುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದಾಗ ಆಯಿತು. ಕಾಲು ಗಂಟೆ ಆರಲು ಬಿಟ್ಟು ಬಡಿಸಬೇಕು. ಆಗಲೇ ರಸ ಗಟ್ಟಿಯಾಗುವುದು.

ಆ ಗರಿಗರಿ ಅಂಚು ಬೇರೆ ಪಾತ್ರೆಯಲ್ಲಿ ಹಾಗೆ ಬರುವುದಿಲ್ಲ. ಬೀಡು ಕಬ್ಬಿಣ ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬೇಗ ಆರುವುದಿಲ್ಲ. ತಣ್ಣನೆಯ ಹಿಟ್ಟು ಬಿದ್ದರೂ ಕಾವು ಬಿಟ್ಟುಕೊಡುವುದಿಲ್ಲ. ದೋಸೆಗೆ ಅಮ್ಮನ ಕಾವಲಿಯೇ ಬೇಕು ಅನ್ನುವುದೂ ಇದೇ ಕಾರಣಕ್ಕೆ. ಪಳಗಿಸುವುದೂ ಒಂದೇ ರೀತಿ. ನಾವು ಈರುಳ್ಳಿ ಹೋಳಿನಿಂದ ಎಣ್ಣೆ ಉಜ್ಜುತ್ತೇವೆ, ಅವರು ಬಟ್ಟೆಯಿಂದ. ತೆಳುವಾಗಿ ಹಚ್ಚಿದ ಎಣ್ಣೆ ಕಾದು ಕಾದು ಕಬ್ಬಿಣಕ್ಕೆ ಕಚ್ಚಿ ಗಟ್ಟಿ ಪದರವಾಗುತ್ತದೆ. ಪದರದ ಮೇಲೆ ಪದರ, ವರ್ಷದ ಮೇಲೆ ವರ್ಷ. ಹೊಳೆಯುವ ಆ ಕಪ್ಪು ಅಂಗಡಿಯಲ್ಲಿ ಸಿಗುವ ಬಣ್ಣವಲ್ಲ, ಅದು ಹೆಂಗಸರ ದಿನನಿತ್ಯ. ಒಂದು ಎಚ್ಚರಿಕೆ: ಹಣ್ಣಿನಲ್ಲಿ ಹುಳಿ ಇರುವುದರಿಂದ ಉಳಿದ ಕಾಬ್ಲರನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಕಬ್ಬಿಣದ ರುಚಿ ಹತ್ತುತ್ತದೆ. ಹುಣಿಸೆಹುಳಿ ಬಿಟ್ಟರೆ ಆಗುವ ಹಾಗೆಯೇ.

ಅಜ್ಜಿಯ ಬಾಣಲೆ ಅವರ ಅಜ್ಜಿಯ ಕಾಲದ್ದು. "ನಿಮ್ಮ ಅಮ್ಮ ಇದನ್ನು ನಿಮಗೇ ಕೊಟ್ಟರಾ?" ಅಂತ ಕೇಳಿದೆ. ಕೇಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಬಲ್ಲಿರಿ. ಅಜ್ಜಿ ಇಲ್ಲ ಅಂದರು. ಅವರಿಗೆ ಒಬ್ಬ ತಂಗಿ ಇದ್ದರಂತೆ, ಸಮುದ್ರದ ದಡದ ಸವಾನಾ ಊರಿನಲ್ಲಿ. 1988ರಲ್ಲಿ ತಾಯಿ ಸತ್ತಾಗ ಇಬ್ಬರಿಗೂ ಬೇಕಾದದ್ದು ಇದೊಂದೇ. ಹೊಲ ಮನೆ ತೋಟ ಇದ್ದವರಲ್ಲ. ಮೂರು ತಿಂಗಳು ಮಾತು ಬಿಟ್ಟಿದ್ದರಂತೆ. ಆಮೇಲೆ ಒಂದು ಒಪ್ಪಂದಕ್ಕೆ ಬಂದರು. ಒಂದು ವರ್ಷ ಅಕ್ಕನ ಮನೆ, ಒಂದು ವರ್ಷ ತಂಗಿಯ ಮನೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಬ್ಬರೂ ಸೇರಿದಾಗ ಬಾಣಲೆ ಕೈ ಬದಲಾಗಬೇಕು. ಯಾರ ಮನೆಗೆ ಬಂತೋ ಅವರು ಮೊದಲು ಕಾಬ್ಲರ್ ಮಾಡಿ ಇನ್ನೊಬ್ಬರಿಗೆ ಬಡಿಸಬೇಕು. ನವೆಂಬರಿನಲ್ಲಿ ಹಣ್ಣೆಲ್ಲಿ ಅಂದಿರಾ? ಬೇಸಿಗೆಯಲ್ಲೇ ಸಕ್ಕರೆ ಪಾಕದಲ್ಲಿ ಹಾಕಿ ಬಾಟಲಿಗೆ ತುಂಬಿಟ್ಟ ಪೀಚು. ಹೀಗೆ ಮೂವತ್ತೊಂದು ವರ್ಷ!

"ಈಗ ಯಾರ ಸರದಿ?" ಅಂದೆ. ಅಜ್ಜಿ ಬಾಣಲೆಯನ್ನು ಒರೆಸುತ್ತಾ ಹೇಳಿದರು. 2019ರಲ್ಲಿ ತಂಗಿ ಹೋದರು. ಆ ವರ್ಷ ಬಾಣಲೆ ಅಲ್ಲಿತ್ತು. ಮಣ್ಣು ಮಾಡಿದ ಮಾರನೆಯ ದಿನ ತಂಗಿಯ ಮಗ ಕಾರಿನಲ್ಲಿ ತಂದು ಈ ಮೇಜಿನ ಮೇಲೆ ಇಟ್ಟು, ಒಂದು ಮಾತೂ ಆಡದೆ ಹೋದನಂತೆ. "ಅಂದಿನಿಂದ ನನ್ನಲ್ಲೇ ಇದೆ. ಪೂರ್ತಿ ನನ್ನದಾಯಿತು. ನನಗೆ ಹೀಗೆ ಬೇಕಿರಲಿಲ್ಲ" ಅಂದರು. ಅದಕ್ಕೆ ಏನು ಹೇಳಲಿ? ಒರೆಸಿದ ಬಾಣಲೆಗೆ ಎಣ್ಣೆ ಹಚ್ಚಲು ನಾನೂ ಒಂದು ಬಟ್ಟೆ ತೆಗೆದುಕೊಂಡೆ.

ಅಜ್ಜಿ ವಾರಕ್ಕೊಮ್ಮೆ ಬರತೊಡಗಿದರು. ಮಗುವನ್ನು ಎತ್ತಿಕೊಂಡು ಕೂರುವರು, ತಂಗಿ ಒಂದು ಗಂಟೆ ನಿದ್ದೆ ಮಾಡುವಳು. ನಿಧಾನವಾಗಿ ಅವಳ ಮುಖಕ್ಕೆ ಕಳೆ ಬಂತು. ಮೂರು ತಿಂಗಳು ತುಂಬಿದಾಗ ಒಂದು ಬೆಳಿಗ್ಗೆ ಅವಳೇ ಎದ್ದು ಅಮ್ಮನ ಕಾವಲಿ ಒಲೆಯ ಮೇಲಿಟ್ಟು ದೋಸೆ ಹುಯ್ದಳು. ಮೊದಲ ದೋಸೆಯೇ ಕಾಗದದ ಹಾಗೆ ಎದ್ದು ಬಂತು. "ನೋಡೇ ಅಕ್ಕಾ, ಅಮ್ಮನದೇ ಕೈ" ಅಂದಳು.

ಅಕ್ಟೋಬರಿನಲ್ಲಿ ಪೆಟ್ಟಿಗೆ ಕಟ್ಟುವಾಗ ತಂಗಿ ಕಾವಲಿಯನ್ನು ತೊಳೆದು ಒರೆಸಿ, ಅದೇ ಹಳೇ ಸೀರೆಯಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟಳು. ನಾನು ಬಿಚ್ಚಿ ಕಾವಲಿಯನ್ನು ಒಲೆಯ ಮೇಲಿಟ್ಟೆ, ಸೀರೆಯನ್ನು ಮಾತ್ರ ಪೆಟ್ಟಿಗೆಗೆ ಹಾಕಿದೆ. "ಈ ವರ್ಷ ನಿನ್ನ ಸರದಿ. ಊರಿಗೆ ಬರುವಾಗ ತಗೊಂಡು ಬಾ. ಬಂದಾಗ ನಾನು ದೋಸೆ ಹುಯ್ದು ಬಡಿಸ್ತೀನಿ, ಆಮೇಲೆ ಅದು ನನ್ನದು" ಅಂದೆ. ಅವಳು ಅತ್ತಳು, ನಾನೂ ಅತ್ತೆ. ಆದರೆ ಜೂನಿನ ಅಳುವಲ್ಲ ಅದು.

ಊರಿಗೆ ಬಂದು ಸಂತೆಯಲ್ಲಿ ಒಂದು ಹೊಸ ಬೀಡಿನ ಬಾಣಲೆ ಕೊಂಡೆ, ಎರಡು ಕಿವಿಯದ್ದು. ಹೊಸ ಕಬ್ಬಿಣ ಹೊಸ ಸೊಸೆಯ ಹಾಗೆ, ಮೊದಲು ಸ್ವಲ್ಪ ಬಿಗಿ. ದಿನಾ ಎಣ್ಣೆ ತೋರಿಸಿ ಪಳಗಿಸಿದೆ. 2025ರ ಮೇ ತಿಂಗಳಲ್ಲಿ ಅದರಲ್ಲಿ ಕಾಬ್ಲರ್ ಮಾಡಿದೆ. ನಮ್ಮೂರಿನಲ್ಲಿ ಪೀಚಿಗೆ ಎಲ್ಲಿ ಹೋಗುವುದು? ಬಾದಾಮಿ ಮಾವು, ತೀರಾ ಮೆತ್ತಗಾಗದೆ ಗಟ್ಟಿ ಇರುವಾಗಲೇ ಹೆಚ್ಚಿ ಹಾಕಿದೆ. ಮಾವಿಗೆ ಸಿಹಿ ಹೆಚ್ಚು, ಆದ್ದರಿಂದ ಹಣ್ಣಿಗೆ ಸಕ್ಕರೆ ಎರಡು ಚಮಚ ಸಾಕು, ನಿಂಬೆರಸ ಬಿಡಬಾರದು, ಚಕ್ಕೆಯ ಬದಲು ಏಲಕ್ಕಿ.

ಓವನ್ ಇಲ್ಲದವರು ಚಿಂತಿಸಬೇಡಿ. ಬಾಣಲೆ ಒಳಗೆ ಹಿಡಿಯುವಂಥ ದಪ್ಪ ತಳದ ದೊಡ್ಡ ಪಾತ್ರೆಯ ತಳಕ್ಕೆ ಒಂದು ಅಂಗುಲ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಎಂಟು ಅಂಗುಲದ ಬಾಣಲೆಗೆ ಮೇಲಿನ ಅಳತೆಯಲ್ಲಿ ಅರ್ಧ ಸಾಕು. ಬೆಣ್ಣೆಯನ್ನು ಬೇರೆ ಒಲೆಯ ಮೇಲೆ ಬಾಣಲೆಯಲ್ಲೇ ಕಾಯಿಸಿ, ಹಿಟ್ಟು ಹುಯ್ದು ಹಣ್ಣು ಹರಡಿ, ಇಕ್ಕಳದಿಂದ ಹಿಡಿದು ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿದರೆ ಹಬೆಯ ನೀರು ತೊಟ್ಟಿಕ್ಕುವುದಿಲ್ಲ. ಬಟ್ಟೆಯ ತುದಿ ಉರಿಗೆ ತಾಗದಂತೆ ಮೇಲಕ್ಕೆ ಕಟ್ಟಿ. ಮೇಲ್ಭಾಗ ಅಷ್ಟು ಕೆಂಪಾಗದು, ತಳ ಮತ್ತು ಅಂಚು ಚೆನ್ನಾಗಿಯೇ ಬರುತ್ತದೆ. ನಮ್ಮವರು ಎರಡು ಸಲ ಹಾಕಿಸಿಕೊಂಡು, "ಇದಕ್ಕೆ ನಮ್ಮ ಕಡೆ ಹೆಸರೇನು?" ಅಂದರು. ಹೆಸರು ಗೊತ್ತಾಗುವ ಮೊದಲು ಪಾತ್ರೆ ಖಾಲಿ.

ಬಾಣಲೆ ತೊಳೆಯುವುದಕ್ಕೆ ಬಿಸಿನೀರು, ತೆಂಗಿನ ನಾರು ಸಾಕು. ಸ್ವಲ್ಪ ಸೋಪು ಸೋಕಿದರೆ ಪಳಗಿದ ಬಾಣಲೆಗೆ ಏನೂ ಆಗದು, ನೀರಿನಲ್ಲಿ ನೆನೆಹಾಕಿದರೆ ಮಾತ್ರ ತುಕ್ಕು ಹಿಡಿಯುತ್ತದೆ. ಒರೆಸಿ, ಒಲೆಯ ಮೇಲೆ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಇಡಿ. ಮನೆಯಲ್ಲಿ ತಾಯಿಯೋ ಅತ್ತೆಯೋ ಇದ್ದರೆ, ಅವರ ಮುಷ್ಟಿಯ ಅಳತೆಯನ್ನು ಒಂದು ಸಲ ಚಮಚಕ್ಕೆ ಸುರಿಸಿ ಎಣಿಸಿ ಬರೆದಿಡಿ. ನಾಲ್ಕಾಣೆ ಖರ್ಚಿಲ್ಲದ ಕೆಲಸ.

2025ರ ಜೂನಿನಲ್ಲಿ ಮಗುವಿಗೆ ಒಂದು ವರ್ಷ ತುಂಬಿದ ದಿನ ತಂಗಿ ಫೋನ್ ಮಾಡಿದ್ದಳು. ಪಕ್ಕದ ಮನೆಯ ಅಜ್ಜಿ ಕಾಬ್ಲರ್ ತಂದಿದ್ದರಂತೆ. ಬಾಣಲೆಯನ್ನು ವಾಪಸು ತೆಗೆದುಕೊಂಡು ಹೋಗದೆ, ನವೆಂಬರಿನವರೆಗೆ ಇಲ್ಲೇ ಇರಲಿ, ಆಮೇಲೆ ನೀನು ಮಾಡಿ ನನಗೆ ಬಡಿಸು ಅಂತ ಹೇಳಿ ಹೋದರಂತೆ.